ಚಿಕ್ಕ ಕಾರು, ದೊಡ್ಡ ಸಂಸಾರ

ಮನೆಯ ಮುಂದೆ ನಿಂತ ವಾಹನದ ಗಾತ್ರವನ್ನು ನೋಡಿ ಒಳಗಿರುವ ಸಂಸಾರದ ಗಾತ್ರವನ್ನು ಊಹಿಸಹೊರಟವರು ಬೆಂಗಳೂರಿನ ದಂಡಿನ ಕಡೆಯಲ್ಲಿ ಮೋಸಹೋಗುವುದು ಖಂಡಿತ. ಹತ್ತು ಜನರಿದ್ದ ಮನೆಯಲ್ಲಿ ನಾಲ್ಕು ಜನರ ಕಾರಿತ್ತು. ಮೂವರಿರುವ ಮನೆಯಲ್ಲಿ ಈಗ ಏಳು ಜನರ ವ್ಯಾನಿದೆ. ಹಲಸೂರು, ಇಂದಿರಾನಗರಗಳ ಬೀದಿಗಳಲ್ಲಿ ಒಂದು ಸಂಜೆ ಸುತ್ತಿಬಂದರೆ ಇಂಥ ಮನೆಗಳು ಹಲವು ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಒಂದು ಮನೆಯಲ್ಲಿ ಹಳೆಯದೂ ಹೊಸದೂ ಎರಡೂ ಉಳಿದುಕೊಂಡಿರುವುದರಿಂದ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ತೂಗಿನೋಡಲು ಅನುಕೂಲವಾಗಿದೆ.

ಆ ಮನೆ ಇರುವುದು ಹಲಸೂರಿನ ಸೋಮೇಶ್ವರ ದೇವಸ್ಥಾನದಿಂದ ಕೂಗಳತೆಯ ದೂರದಲ್ಲಿ, ಎದುರುಬದುರಾಗಿ ಎರಡು ಗಾಡಿ ಬಂದರೆ ಯಾವುದಾದರೂ ಒಂದು ಹಿಂದೆ ಸರಿಯಬೇಕಾದಂಥ ಬೀದಿಯಲ್ಲಿ. ಪಕ್ಕದ ಷೆಡ್ಡಿನಲ್ಲಿರುವುದು ಮಾರಿಸ್ ಮೈನರ್. ಬೀದಿಯಲ್ಲಿ ನಿಂತಿರುವುದು ಟೊಯೋಟಾ ಇನ್ನೋವಾ ಕ್ರಿಸ್ಟಾ. ಹಳೆಯದಕ್ಕೆ ಸೂರು, ಹೊಸದಕ್ಕೆ ಬಯಲು! ಇದರಲ್ಲಿ ಪಕ್ಷಪಾತವೇನೂ ಇಲ್ಲ, ಬರಿಯ ಅಳತೆಯ ಲೆಕ್ಕ. ಮೈನರಿನ ಉದ್ದ ೧೨ ಅಡಿ ೪ ಅಂಗುಲ, ಅಗಲ ಸುಮಾರು ೫ ಅಡಿ. ಕ್ರಿಸ್ಟಾದ ಉದ್ದ ಹದಿನೈದೂವರೆ ಅಡಿ, ಅಗಲ ೬ ಅಡಿ. ಮನೆಯ ಹಿರಿಯರು ಚಿಕ್ಕ ಕಾರಿಗೆಂದು ಕಟ್ಟಿಸಿದ ೧೪ ಅಡಿಯ ಷೆಡ್ಡಿನಲ್ಲಿ ಹೊಸ ಗಾಡಿಯನ್ನು ನಿಲ್ಲಿಸಿ ಬಾಗಿಲು ಮುಚ್ಚಬೇಕಾದರೆ, ಮೊದಲು ಅದರ ಮೂತಿಯನ್ನು ಕೊಯ್ಯಬೇಕು. ಹೀಗಾಗಿ ಲಕ್ಷಾಂತರ ರೂಪಾಯಿಯ ವ್ಯಾನಿನ ನೆತ್ತಿಯ ಮೇಲೆ ಕಾಗೆಗಳೂ, ಹೊಟ್ಟೆಯ ಕೆಳಗೆ ಬೀದಿನಾಯಿಗಳೂ ನೆಮ್ಮದಿಯಾಗಿ ಕಾಲ ಕಳೆಯುತ್ತವೆ.

ಮೈನರ್ ಹುಟ್ಟಿದ್ದು ೧೯೪೮ರಲ್ಲಿ, ಇಂಗ್ಲೆಂಡಿನಲ್ಲಿ. ಅದನ್ನು ರೂಪಿಸಿದವರು ಅಲೆಕ್ ಇಸಿಗೊನಿಸ್. ಮಾದರಿಯ ಕಾರು ಸಿದ್ಧವಾದ ಮೇಲೆ ಅದು ತೀರ ಸಪೂರವಾಗಿ ಕಾಣುತ್ತಿದೆಯೆಂದು ಅವರಿಗೆ ಅನ್ನಿಸಿತು. ಅದನ್ನು ಉದ್ದುದ್ದವಾಗಿ ಎರಡು ಹೋಳಾಗಿ ಸೀಳಿಸಿ, ಹೋಳುಗಳನ್ನು ಅಷ್ಟಷ್ಟೇ ದೂರ ಸರಿಸಿ ನೋಡಿ, ಕೊನೆಗೆ ನಡುವೆ ೪ ಅಂಗುಲ ಸೇರಿಸಿದರು. ಹಲಸಿನ ಹೆಸರು ಹೊತ್ತ ಊರಿನವರಿಗೆ ಸೀಳುವ ಕಷ್ಟವನ್ನು ವಿವರಿಸಬೇಕಾಗಿಲ್ಲ. ಕಾರ್ಖಾನೆಯ ಒಡೆಯರಾದ ಲಾರ್ಡ್ ನಫೀಲ್ಡರಿಗೆ ಆ ಗುಂಡುಗುಂಡಾದ ರೂಪ ಹಿಡಿಸಲಿಲ್ಲ. ಜನಕ್ಕೆ ಮಾತ್ರ ಹಿಡಿಸಿತು. ೧೯೬೦ರ ಡಿಸೆಂಬರಿಗೆ ಹತ್ತು ಲಕ್ಷ ಮೈನರುಗಳಾದವು. ಬ್ರಿಟನ್ನಿನಲ್ಲಿ ಆ ಸಂಖ್ಯೆಯನ್ನು ಮುಟ್ಟಿದ ಮೊದಲ ಕಾರು ಅದು. ಇಸಿಗೊನಿಸ್ ಸೇರಿಸಿದ ನಾಲ್ಕು ಅಂಗುಲಕ್ಕೆ ಹಲಸೂರಿನಲ್ಲಿ ದೊರೆತ ಉಪಯೋಗ ಒಂದೇ: ಹಿಂದಿನ ಸೀಟಿನಲ್ಲಿ ಇಬ್ಬರು ದೊಡ್ಡವರ ನಡುವೆ ಒಂದು ಮಗುವನ್ನು ತುರುಕಲು ಸ್ಥಳವಾಯಿತು.

ಹಿರಿಯರು ವಕೀಲರು. ಅವರು ಕಾರನ್ನು ಕೊಂಡದ್ದು ೧೯೫೮ರಲ್ಲಿ, ಎರಡನೆಯ ಕೈಯಿಂದ. ಹೊಸದನ್ನು ಕೊಳ್ಳುವ ಮಾತೇ ಇರಲಿಲ್ಲ. ದೇಶದಲ್ಲಿಯೇ ತಯಾರಿಸುವ ಯೋಜನೆಯಿಲ್ಲದ ಕಂಪನಿಗಳು ಹೊರಗಿನಿಂದ ಭಾಗಗಳನ್ನು ತರಿಸಿ ಇಲ್ಲಿ ಬರಿದೆ ಜೋಡಿಸಿ ಮಾರಕೂಡದೆಂದು ೧೯೫೩ರಲ್ಲಿ ಸರ್ಕಾರ ತೀರ್ಮಾನಿಸಿದ ಮೇಲೆ, ಪರದೇಶದ ಕಾರು ಎಂದರೆ ಇದ್ದುದನ್ನೇ ಕೈಯಿಂದ ಕೈಗೆ ದಾಟಿಸುವ ಪಿತ್ರಾರ್ಜಿತದಂತಾಯಿತು. ಕಾರನ್ನು ಕೊಳ್ಳುವುದು ಒಂದು ತೂಕವಾದರೆ, ಅದನ್ನು ಉಳಿಸಿಕೊಳ್ಳುವುದು ಹತ್ತು ತೂಕ. ಬಿಡಿಭಾಗ ಬೇಕಾದಾಗಲೆಲ್ಲ ಶಿವಾಜಿನಗರಕ್ಕೆ ಹೋಗಬೇಕು. ರಸೆಲ್ ಮಾರುಕಟ್ಟೆಯ ಆಚೆಯ ಗಲ್ಲಿಗಳ ಗುಜರಿ ಅಂಗಡಿಗಳಲ್ಲಿ ಸತ್ತ ಕಾರುಗಳ ಕೈಕಾಲುಗಳು ತೂಗುಬಿದ್ದಿರುತ್ತಿದ್ದವು. ಅಲ್ಲಿಯ ಮೇಸ್ತ್ರಿ ಹಿರಿಯರೊಡನೆ ಕನ್ನಡದಲ್ಲಿ, ಹುಡುಗನೊಡನೆ ದಖನಿಯಲ್ಲಿ, ಟೀ ಅಂಗಡಿಯವನೊಡನೆ ತಮಿಳಿನಲ್ಲಿ ಮಾತಾಡುತ್ತ, ಬೇರೆ ಯಾವುದೋ ಕಾರಿನ ಭಾಗವನ್ನು ಅರದಿಂದ ಉಜ್ಜಿ ಉಜ್ಜಿ ಮೈನರಿಗೆ ಹೊಂದಿಸಿಬಿಡುತ್ತಿದ್ದ. ಕಾರ್ಖಾನೆಯಲ್ಲಿ ಹುಟ್ಟಿದ ಕಾರು ಹೀಗೆ ಶಿವಾಜಿನಗರದಲ್ಲಿ ಎರಡು ಮೂರು ಸಲ ಮರುಹುಟ್ಟು ಪಡೆಯಿತು.

ಅದನ್ನು ಹೊರಡಿಸುವುದೇ ಒಂದು ಪೂಜಾವಿಧಿ. ಕೀಲಿ ತಿರುಗಿಸಿದೊಡನೆ ಪೆಟ್ರೋಲ್ ಪಂಪು ಹಲ್ಲಿಯಂತೆ ಲೊಚಲೊಚಗುಟ್ಟಬೇಕು. ಗುಟ್ಟಿದರೆ ಶುಭಶಕುನ, ಹಿಂದೆ ಕುಳಿತ ಹಿರಿಯರ ತಾಯಿ ‘ಕೃಷ್ಣ ಕೃಷ್ಣ’ ಎನ್ನುತ್ತಿದ್ದರು. ಗುಟ್ಟದಿದ್ದರೆ ಬಾನೆಟ್ ಎತ್ತಿ ಪಂಪಿಗೆ ಸ್ಪ್ಯಾನರಿನಿಂದ ಮೆಲ್ಲನೆ ಒಂದು ಮೊಟಕು. ಚಳಿಗಾಲದ ಬೆಳಗ್ಗೆ ಚೋಕ್ ಎಳೆದರೂ ಏಳದಿದ್ದರೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಬೇಕು. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳದಿದ್ದರೆ ಅದು ತಿರುಗೇಟು ಕೊಟ್ಟು ಮೂಳೆ ಮುರಿಯುವುದೂ ಉಂಟು. ತಿರುವಿನಲ್ಲಿ ದಿಕ್ಕು ತೋರಿಸಲು ಬಾಗಿಲ ಪಕ್ಕದ ಕಂಬದಿಂದ ರೈಲಿನ ಕೈಮರದಂತೆ ಪುಟ್ಟ ಕೈಯೊಂದು ಹೊರಗೆ ಬರುತ್ತಿತ್ತು. ಮಳೆಗಾಲದಲ್ಲಿ ಅದು ಒಳಗೇ ಸಿಕ್ಕಿಕೊಂಡರೆ ಮುಂದೆ ಕುಳಿತವರು ತಮ್ಮ ಸ್ವಂತ ಕೈಯನ್ನು ಚಾಚಬೇಕು. ಮೊದಲ ಮಾದರಿಯ ಮೈನರಿನ ಎಂಜಿನು ೯೧೮ ಸಿ.ಸಿ., ಅಶ್ವಶಕ್ತಿ ಸುಮಾರು ೨೭. ಕ್ರಿಸ್ಟಾದ ಡೀಸೆಲ್ ಎಂಜಿನಿಗೆ ೧೫೦. ಇಪ್ಪತ್ತೇಳು ಕುದುರೆಗಳಲ್ಲಿ ಎಷ್ಟು ಕುದುರೆಗಳು ಆ ಹೊತ್ತಿಗೆ ಮುದಿಯಾಗಿದ್ದವೋ, ಹಳೆ ಮದರಾಸು ರಸ್ತೆಯ ಏರುಗಳಿಗೇ ಗೊತ್ತು. ಕೋಲಾರಕ್ಕೆ ಹೊರಟರೆ ಹೊಸಕೋಟೆಯಲ್ಲಿ ನಿಂತು ರೇಡಿಯೇಟರಿಗೆ ನೀರು ಹಾಕಿ, ತಾವೂ ಮಜ್ಜಿಗೆ ಕುಡಿದು ಮುಂದುವರಿಯುವುದು ಆ ಮನೆಯ ಸಂಪ್ರದಾಯ.

ಇದನ್ನೆಲ್ಲ ಇಂದು ಹೇಳುವಾಗ ಹಿರಿಯರ ಮಗನ ಮುಖ ಅರಳುತ್ತದೆ. ಅವರು ದೂರವಾಣಿನಗರದ ಐ.ಟಿ.ಐ.ಯಲ್ಲಿ ದುಡಿದು ನಿವೃತ್ತರಾದವರು. ಎಪ್ಪತ್ತು ದಾಟಿದ ವಯಸ್ಸು. ಷೆಡ್ಡಿನ ಕದ ತೆಗೆದು ಪೆಟ್ರೋಲಿನ, ಹಳೆಯ ಚರ್ಮದ ವಾಸನೆಯನ್ನು ಒಮ್ಮೆ ಒಳಗೆಳೆದುಕೊಂಡರೆ ಅವರಿಗೆ ಮತ್ತೆ ಹತ್ತು ವರ್ಷ. ಆದರೆ ಸಂಸಾರದ ನೆನಪು ಒಬ್ಬರ ನೆನಪಲ್ಲ. ಕಾರಿನಲ್ಲಿ ಕುಳಿತವರದು ಒಂದು ನೆನಪಾದರೆ, ಕಾರನ್ನು ಬಾಗಿಲವರೆಗೆ ಬಂದು ಕಳಿಸಿಕೊಟ್ಟವರದು ಇನ್ನೊಂದು.

ಆ ಕಾಲದ ಲೆಕ್ಕವನ್ನೇ ನೋಡಬಹುದು. ಹಿರಿಯರು, ಅವರ ತಾಯಿ, ವಿಧವೆಯಾದ ಅಕ್ಕ, ಕಾಲೇಜಿನಲ್ಲಿ ಓದುತ್ತಿದ್ದ ತಮ್ಮ, ಹೆಂಡತಿ, ಮೂವರು ಮಕ್ಕಳು, ಒಟ್ಟು ಎಂಟು. ಕಾರು ಬಂದ ಮೇಲೆ ಹುಟ್ಟಿದ ಇಬ್ಬರನ್ನು ಸೇರಿಸಿದರೆ ಹತ್ತು. ಸ್ಟೀರಿಂಗಿನ ಹಿಂದೆ ಹಿರಿಯರು. ಪಕ್ಕದ ಸೀಟಿನಲ್ಲಿ ತಮ್ಮ. ಗಾಡಿ ಕೆಟ್ಟರೆ ತಳ್ಳಲು ಒಬ್ಬ ಗಂಡಾಳು ಬೇಕಲ್ಲವೇ? ಹಿಂದೆ ತಾಯಿ, ಅಕ್ಕ. ಅವರ ನಡುವೆ, ತೊಡೆಯ ಮೇಲೆ, ಕಾಲ ಬುಡದಲ್ಲಿ, ಮಕ್ಕಳು. ಬಾಗಿಲು ಎರಡೇ ಆದುದರಿಂದ ಮುಂದಿನ ಸೀಟನ್ನು ಮಡಿಸಿ, ತಲೆ ತಗ್ಗಿಸಿ, ಸೆರಗು ಸಾವರಿಸಿ ಹಿಂದಕ್ಕೆ ನುಸುಳಬೇಕು. ಒಮ್ಮೆ ನುಸುಳಿದವರು ಊರು ಸೇರುವವರೆಗೆ ಇಳಿಯುವ ಮಾತಿಲ್ಲ. ಇಷ್ಟಾದ ಮೇಲೆ ಉಳಿದವರು ಯಾರು? ನಸುಕಿನಲ್ಲಿ ಎದ್ದು ಪುಳಿಯೋಗರೆ ಕಲಸಿ, ಮಕ್ಕಳ ತಲೆ ಬಾಚಿ, ಕೂಜದಲ್ಲಿ ನೀರು ತುಂಬಿ, ಎಲ್ಲವನ್ನೂ ಡಿಕ್ಕಿಯಲ್ಲಿಟ್ಟು ಬಂದವರು. ಅವರು ಹೊಸ್ತಿಲ ಮೇಲೆ ನಿಂತು ಹೇಳುತ್ತಿದ್ದ ಮಾತು ಒಂದೇ: “ನೀವೆಲ್ಲ ಹೋಗಿಬನ್ನಿ, ನನಗೆ ಒಲೆಯ ಮೇಲೆ ಹಾಲಿದೆ.”

ಮೂವತ್ತು ವರ್ಷ ಆ ಒಲೆಯ ಮೇಲೆ ಹಾಲಿತ್ತು. ನಂದಿಬೆಟ್ಟಕ್ಕೆ ಹೋದಾಗಲೂ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗಲೂ ಇತ್ತು. ಯಾರೂ ಅವರನ್ನು ಬರಬೇಡವೆಂದು ಹೇಳಲಿಲ್ಲ ಎಂಬುದನ್ನೂ ಸೇರಿಸಬೇಕು. ಹೇಳುವ ಪ್ರಸಂಗ ಬರದಂತೆ ಅವರೇ ನೋಡಿಕೊಂಡರು. ಕೇಳಿದರೆ ಮನೆಯವರಿಗೂ ಬೇರೆ ಉತ್ತರ ಇರಲಿಲ್ಲ. ಸೀಟಿಲ್ಲದ ಕಡೆ ಪ್ರೀತಿ ಎಲ್ಲಿ ಕೂರಬೇಕು? ಆಕೆ ತಪ್ಪದೆ ಆ ಕಾರು ಹತ್ತಿದ್ದು ಎರಡು ಸಲ: ಶಿವಾಜಿನಗರದ ಘೋಷಾ ಆಸ್ಪತ್ರೆಗೆ, ಹೆರಿಗೆಗೆ. ಆಗಲೂ ಹಿಂದಿನ ಸೀಟು, ಜೊತೆಯಲ್ಲಿ ಅತ್ತೆ. ಹೋಗುವಾಗ ಒಬ್ಬರು, ಬರುವಾಗ ಇಬ್ಬರು. ಹೀಗೆ ತಮಗೆ ಸಿಗಬಹುದಾಗಿದ್ದ ಒಂದು ಅಂಗುಲ ಜಾಗವನ್ನೂ ಆಕೆ ತಾವೇ ಮಡಿಲಲ್ಲಿ ಹೊತ್ತು ತಂದವರಿಗೆ ಬಿಟ್ಟುಕೊಟ್ಟರು.

ಇನ್ನು ದೊಡ್ಡ ಗಾಡಿಯ ವಿಚಾರ. ಅದು ಪರದೇಶದ ಹೆಸರು ಹೊತ್ತಿದ್ದರೂ ಹುಟ್ಟಿದ್ದು ಇಲ್ಲಿಯೇ, ಮೈಸೂರು ರಸ್ತೆಯ ಬಿಡದಿಯಲ್ಲಿ. ೨೦೦೦ದಲ್ಲಿ ಬಂದ ಕ್ವಾಲಿಸ್, ೨೦೦೫ರಲ್ಲಿ ಅದರ ಸ್ಥಾನಕ್ಕೆ ಬಂದ ಇನ್ನೋವಾ, ೨೦೧೬ರಲ್ಲಿ ಬಂದ ಕ್ರಿಸ್ಟಾ ಎಲ್ಲವೂ ಒಂದೇ ವಂಶ. ಕ್ವಾಲಿಸ್ ಬೆಂಗಳೂರಿನವರಿಗೆ ಚಿರಪರಿಚಿತವಾದದ್ದು ರಾತ್ರಿಪಾಳಿಯ ಹುಡುಗ ಹುಡುಗಿಯರನ್ನು ವೈಟ್‌ಫೀಲ್ಡಿನಂಥ ಕಡೆಗಳ ಕಚೇರಿಗಳಿಗೆ ಹೊತ್ತೊಯ್ಯುವ ಗಾಡಿಯಾಗಿ; ಮನೆಯ ಗಾಡಿಯೆಂಬ ಗೌರವ ಆ ವಂಶಕ್ಕೆ ನಿಧಾನವಾಗಿ ಬಂತು. ಈ ಮನೆಗೆ ಕ್ರಿಸ್ಟಾ ಬಂದದ್ದು ೨೦೧೭ರಲ್ಲಿ. ಬರಲು ಕಾರಣ ಒಂದು ವಿಮಾನನಿಲ್ದಾಣ.

ಮೊದಲು ವಿಮಾನಗಳು ಇಳಿಯುತ್ತಿದ್ದುದು ಎಚ್.ಎ.ಎಲ್. ನಿಲ್ದಾಣದಲ್ಲಿ. ಹಲಸೂರಿನಿಂದ ಆರೇಳು ಕಿಲೋಮೀಟರು. ಯಾವ ಗಾಡಿಯಾದರೂ ಎರಡು ಸಲ ಹೋಗಿಬಂದರೆ ಮುಗಿಯಿತು. ೨೦೦೮ರ ಮೇ ೨೪ರಂದು ನಿಲ್ದಾಣ ದೇವನಹಳ್ಳಿಗೆ ಹೋಯಿತು. ಮೂವತ್ತಕ್ಕೂ ಹೆಚ್ಚು ಕಿಲೋಮೀಟರು. ಅಷ್ಟು ಹೊತ್ತಿಗೆ ಮೊಮ್ಮಗ ಅಮೆರಿಕ ಸೇರಿದ್ದ. ಮುಂದೆ ಮದುವೆಯಾಯಿತು, ಎರಡು ಮಕ್ಕಳಾದವು. ವರ್ಷಕ್ಕೋ ಎರಡು ವರ್ಷಕ್ಕೋ ನಾಲ್ವರು ಇಳಿಯುತ್ತಾರೆ; ತಲೆಗೆ ೨೩ ಕಿಲೋದ ಎರಡೆರಡು ಪೆಟ್ಟಿಗೆ. ಎಂಟು ಪೆಟ್ಟಿಗೆ ಎಂದಮೇಲೆ ವ್ಯಾನಿನ ಹಿಂದಿನ ಸಾಲನ್ನು ಮಡಿಸಬೇಕಾಗುತ್ತದೆ. ಮಡಿಸಿದರೆ ಉಳಿಯುವ ಸೀಟು ನಾಲ್ಕೇ! ಚಾಲಕನ ಸ್ಥಾನ ಕಳೆದರೆ ಮೂರು. ಹದಿನೈದೂವರೆ ಅಡಿಯ ಗಾಡಿ ಕಣ್ಣೆದುರಿಗೇ ಮಾರಿಸ್ ಮೈನರಾಗಿಬಿಡುತ್ತದೆ. ಮೊದಲ ಸಲ ಈ ಸತ್ಯ ತಿಳಿದದ್ದು ನಿಲ್ದಾಣದ ಬಾಗಿಲಲ್ಲಿ, ಬೆಳಗಿನ ಜಾವ ಮೂರು ಗಂಟೆಗೆ. ಆಮೇಲೆ ಟ್ಯಾಕ್ಸಿಯನ್ನೂ ಕರೆಯುವುದು ರೂಢಿಯಾಯಿತು.

ಆ ನಾಲ್ಕು ವಾರ ಬಿಟ್ಟರೆ ಉಳಿದ ದಿನಗಳಲ್ಲಿ ವ್ಯಾನಿನಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು. ಇಂದಿರಾನಗರದ ನೂರಡಿ ರಸ್ತೆಯ ಔಷಧಿ ಅಂಗಡಿಗೆ ಒಂದು ಮಾತ್ರೆಯ ಪಟ್ಟಿ ತರಲು ಒಂದೂಮುಕ್ಕಾಲು ಟನ್ನಿನ ಗಾಡಿ ಹೋಗಿ, ನಿಲ್ಲಲು ಸ್ಥಳವಿಲ್ಲದೆ ಎರಡು ಸುತ್ತು ಹಾಕಿ, ಮಾತ್ರೆ ತಾರದೆ ಹಿಂದಿರುಗಿದ ದಿನವೂ ಉಂಟು. ಅದಕ್ಕೆ ಸಿಟ್ಟಾಗಿ ಯಾರೂ ಬೈಯಲಿಲ್ಲ. ವ್ಯಾನನ್ನು ಆ ಮನೆಯಲ್ಲಿ ಯಾರೂ ಬೈಯುವುದಿಲ್ಲ, ಮುದ್ದಿಸುವುದೂ ಇಲ್ಲ. ಕೆಟ್ಟರೆ ಅದರ ಹೊಟ್ಟೆಯಲ್ಲಿ ಏನಾಗಿದೆಯೆಂದು ಯಜಮಾನರಿಗೆ ತಿಳಿಯುವುದಿಲ್ಲ. ಕಂಪನಿಯ ಹುಡುಗ ಗಣಕಯಂತ್ರದ ತಂತಿ ಸಿಕ್ಕಿಸಿ ಅದನ್ನೇ ಕೇಳಿ ತಿಳಿದುಕೊಳ್ಳುತ್ತಾನೆ.

ಹಾಗೆಂದು ಹಳೆಯದನ್ನು ಹೊಗಳುವ ಭರದಲ್ಲಿ ಸುಳ್ಳು ಹೇಳಬಾರದು. ಮೈನರಿನಲ್ಲಿ ಸೀಟುಬೆಲ್ಟ್ ಇರಲಿಲ್ಲ. ತೊಡೆಯ ಮೇಲಿನ ಮಗುವಿಗೆ ಅಜ್ಜಿಯ ಕೈಯೇ ಬೆಲ್ಟ್. ವ್ಯಾನಿನಲ್ಲಿ ಬೆಲ್ಟೂ ಇದೆ, ಅಪಘಾತವಾದರೆ ಉಬ್ಬಿನಿಲ್ಲುವ ಗಾಳಿಚೀಲವೂ ಇದೆ. ಜೇಷ್ಠದ ಮಳೆಯಾಗಲಿ ಟಿನ್ ಫ್ಯಾಕ್ಟರಿಯ ಬಳಿಯ ಹೊಗೆಯಾಗಲಿ ಒಳಗೆ ಬರುವುದಿಲ್ಲ. ಕೃಷ್ಣರಾಜಪುರದಲ್ಲಿ ರೈಲುಹಳಿಗಳ ಮೇಲೆ ೨೦೦೩ರಲ್ಲಿ ತೂಗುಸೇತುವೆಯಾದ ಮೇಲೂ ಆ ದಾರಿಯಲ್ಲಿ ಮುಕ್ಕಾಲು ಗಂಟೆ ನಿಂತಲ್ಲಿಯೇ ನಿಲ್ಲುವುದು ತಪ್ಪಿಲ್ಲ. ಹಾಗೆ ನಿಂತಾಗ ಎಪ್ಪತ್ತರ ಸೊಂಟಕ್ಕೂ ತೊಂಬತ್ತರ ಸೊಂಟಕ್ಕೂ ಯಾವ ಸೀಟು ಹಿತವೆಂಬುದರಲ್ಲಿ ವಾದವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಲೆಯ ಮೇಲೆ ಹಾಲಿಟ್ಟುಕೊಂಡಿದ್ದ ಆಕೆಗೆ ವ್ಯಾನಿನಲ್ಲಿ ನಡುವಿನ ಸಾಲಿನ ಕಿಟಕಿಯ ಪಕ್ಕ ಸ್ವಂತ ಸೀಟು ದೊರಕಿತು. ಕೈಯಿಡಲು ಎರಡು ಕಡೆಯೂ ತೋಳು, ತಲೆಯ ಮೇಲೆ ತಣ್ಣನೆಯ ಗಾಳಿ.

ಕಷ್ಟವೆಂದರೆ, ಆ ಸೀಟು ಬರುವ ಹೊತ್ತಿಗೆ ಆಕೆಗೆ ಎಂಬತ್ತು ಮೀರಿತ್ತು, ಮಂಡಿ ಮಡಿಸಲು ಬರುತ್ತಿರಲಿಲ್ಲ. ವ್ಯಾನಿನ ನೆಲ ಎತ್ತರ. ಹತ್ತಿಸಲು ಅಡಿಗೆಮನೆಯ ಮಣೆಯೊಂದು ಈಗ ಡಿಕ್ಕಿಯಲ್ಲಿ ಖಾಯಂ ಆಗಿದೆ. ಸ್ಟೆಪ್ನಿ ಮರೆತರೂ ಮಣೆ ಮರೆಯುವಂತಿಲ್ಲ. ಹತ್ತಿ ಕುಳಿತ ಮೇಲೆ ಅವರು ಹಿಂದೆ ತಿರುಗಿ ಖಾಲಿಯಾದ ಮೂರು ಸೀಟುಗಳನ್ನು ನೋಡಿ ಕೇಳುತ್ತಾರೆ: “ಇನ್ನೂ ಯಾರು ಬರಬೇಕು?” ಸೊಸೆ ಯಾರೂ ಇಲ್ಲವೆನ್ನುತ್ತಾರೆ. ಮುಂದಿನ ಸಲ ಮತ್ತೆ ಅದೇ ಪ್ರಶ್ನೆ. ಮರೆವಿನಿಂದ ಕೇಳುವುದಲ್ಲ, ಅವರ ನೆನಪು ಚೊಕ್ಕವಾಗಿದೆ. ಜಾಗವಿದ್ದೂ ಜನವಿಲ್ಲದ ಗಾಡಿ ಅವರ ಲೆಕ್ಕಕ್ಕೆ ಒಗ್ಗುವುದಿಲ್ಲ, ಅಷ್ಟೆ.

ಮೈನರನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದದ್ದು ೨೦೨೨ರಲ್ಲಿ. ಹದಿನೈದು ವರ್ಷ ದಾಟಿದ ಕಾರುಗಳ ಮರುನೋಂದಣಿಯ ಶುಲ್ಕ ಆ ವರ್ಷದ ಏಪ್ರಿಲ್‌ನಲ್ಲಿ ೬೦೦ ರೂಪಾಯಿಯಿಂದ ೫,೦೦೦ಕ್ಕೆ ಏರಿತು. ಪೆಟ್ರೋಲಿಗೆ ಬೆರೆಸುವ ಎಥನಾಲ್ ಕ್ರಮೇಣ ಶೇಕಡ ೨೦ರವರೆಗೆ ಹೋಗಿ, ಹಳೆಯ ರಬ್ಬರು ಕೊಳವೆಗಳು ಮೆತ್ತಗಾಗತೊಡಗಿದವು. ಕೊಳ್ಳಲು ಗಿರಾಕಿಗಳೂ ಬಂದರು. ಮಗನಿಗೆ ಮಾತ್ರ ಬೇರೊಂದು ದಾರಿ ಕಂಡಿತ್ತು. ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸುವ ನಿಯಮಗಳು ೨೦೨೧ರ ಜುಲೈನಲ್ಲಿ ಬಂದಿದ್ದವು. ಕಾರುಪ್ರಿಯರ ಪರಿಭಾಷೆಯಲ್ಲಿ ಆ ಪದ ೧೯೩೦ರವರೆಗಿನ ಗಾಡಿಗಳಿಗೇ ಮೀಸಲು. ಸರ್ಕಾರ ಅಷ್ಟು ಬಿಗಿಯಲ್ಲ. ಹಾಗೆ ನೋಂದಾಯಿಸಿದರೆ ಮೈಸೂರು ರಾಜ್ಯದ ಕಾಲದ ‘ಎಂ.ವೈ.’ ಅಕ್ಷರಗಳ ಹಳೆಯ ನಂಬರೂ ಉಳಿಯುತ್ತ. ಮರ್ಯಾದೆ ದೊಡ್ಡದು. ಆದರೆ ಅದಕ್ಕೊಂದು ಕಟ್ಟು: ಅಂಥ ವಾಹನವನ್ನು ದಿನಬಳಕೆಗೆ ರಸ್ತೆಗಿಳಿಸಕೂಡದು. ಪ್ರದರ್ಶನ, ಸಂಶೋಧನೆ, ವಿಂಟೇಜ್ ರ್‍ಯಾಲಿ, ಪೆಟ್ರೋಲು, ರಿಪೇರಿ ಇಷ್ಟಕ್ಕೇ ಹೊರಗೆ ಬರಬಹುದು. ಹಿರಿಯರೆಂದು ಶಾಲು ಹೊದಿಸಿ ಜಗುಲಿಯಲ್ಲಿ ಕೂರಿಸಿದ ಹಾಗೆ.

ಮಾರುವುದೋ ಶಾಲು ಹೊದಿಸುವುದೋ ಎಂದು ಮನೆಯಲ್ಲಿ ಒಂದು ಸಂಜೆ ವಾದ ನಡೆಯಿತು. ದೂರದ ಮೊಮ್ಮಗ ಫೋನಿನಲ್ಲಿಯೇ ಗದ್ಗದನಾದ. ತಾತನ ಕಾರನ್ನು ಮಾರಲು ಮನಸ್ಸಾದರೂ ಹೇಗೆ ಬರುತ್ತದೆ? ಮಗ ತಾಯಿಯ ಕಡೆ ತಿರುಗಿ, ಅಣ್ಣನ ನೆನಪಿಗಾದರೂ ಇಟ್ಟುಕೊಳ್ಳಬೇಕಲ್ಲವೇನಮ್ಮ ಎಂದರು. ಆ ಮನೆಯಲ್ಲಿ ಮಕ್ಕಳು ತಂದೆಯನ್ನು ಅಣ್ಣ ಎನ್ನುತ್ತಿದ್ದರು. ಹೂಬತ್ತಿ ಹೊಸೆಯುತ್ತಿದ್ದ ಮುದುಕಿ ತಲೆಯೆತ್ತಲಿಲ್ಲ.

“ಇಟ್ಟರೆ ಇಟ್ಟುಕೊಳ್ಳಿ, ಮಾರಿದರೆ ಮಾರಿ. ನನ್ನನ್ನು ಯಾಕೆ ಕೇಳ್ತೀಯಪ್ಪಾ? ಅದರ ಮುಂದಿನ ಸೀಟು ಮೆತ್ತಗಿದೆಯೋ ಗಟ್ಟಿಯಾಗಿದೆಯೋ ಅಂತ ನನಗೆ ಈವತ್ತಿಗೂ ಗೊತ್ತಿಲ್ಲ.”

ಕೋಪವಿರಲಿಲ್ಲ, ಕೊರಗೂ ಇರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಬಿಟ್ಟುಹೋದ ಒಂದು ಬಾಬನ್ನು ತೋರಿಸಿದಂತೆ ಇತ್ತು. ಮಗ ಬಹಳ ಹೊತ್ತು ಮಾತಾಡಲಿಲ್ಲ. ತುಂಬಿದ ಅರ್ಜಿ ಬೀರುವಿನಲ್ಲಿಯೇ ಉಳಿಯಿತು, ಗಿರಾಕಿಗಳಿಗೂ ಉತ್ತರ ಹೋಗಲಿಲ್ಲ. ಐದು ಸಾವಿರ ಕಟ್ಟಿ ಮೊದಲಿನ ಹಾಗೆಯೇ ಮರುನೋಂದಣಿ ಮಾಡಿಸಿದರು. ಶಿವಾಜಿನಗರದಲ್ಲಿ ಹಳೆಯ ಮೇಸ್ತ್ರಿಯ ಮಗ ಕೊಳವೆಗಳನ್ನೆಲ್ಲ ಬದಲಾಯಿಸಿಕೊಟ್ಟ.

ಕಳೆದ ಡಿಸೆಂಬರಿನಲ್ಲಿ ಕೋಲಾರಮ್ಮನ ದರ್ಶನಕ್ಕೆಂದು ಹೊರಟಾಗ ಮನೆಯಲ್ಲಿ ಒಂಬತ್ತು ಜನ. ಅಮೆರಿಕದ ನಾಲ್ವರು, ವೈಟ್‌ಫೀಲ್ಡಿನಿಂದ ಮೆಟ್ರೋ ಹತ್ತಿ ಬಂದಿದ್ದ ಮೊಮ್ಮಗಳು, ಅವಳ ಗಂಡ, ಮನೆಯ ಮೂವರು. ಸೀಟು ಏಳು. ಬುತ್ತಿಯನ್ನು ಡಿಕ್ಕಿಯಲ್ಲಿಟ್ಟು ಬಂದ ಸೊಸೆ ಹೊಸ್ತಿಲ ಮೇಲೆ ನಿಂತು, “ನೀವೆಲ್ಲ ಹೋಗಿಬನ್ನಿ, ಒಲೆಯ ಮೇಲೆ ಹಾಲಿದೆ” ಎಂದರು. ಅತ್ತೆಯಿಂದ ಕಲಿತ ಮಾತೆಂದು ಅವರಿಗೇ ಹೊಳೆದಿರಲಾರದು.

“ಇಳಿಸಿಬಿಟ್ಟು ಬಾರಮ್ಮ. ನನ್ನ ಜಾಗದಲ್ಲಿ ನೀನು ಕೂತ್ಕೋ” ಎಂದು ಮುದುಕಿ ವ್ಯಾನಿನ ಬಳಿ ಇಟ್ಟಿದ್ದ ಮಣೆಯನ್ನು ದಾಟಿಕೊಂಡು, ಕೋಲೂರುತ್ತ ಷೆಡ್ಡಿನ ಕಡೆಗೆ ನಡೆದರು. ಮೈನರಿನ ಬಾಗಿಲು ಅಗಲ, ಸೀಟು ತಗ್ಗು; ಮಣೆ ಬೇಕಾಗಲಿಲ್ಲ. ಮಗ ಕೀಲಿ ತಿರುಗಿಸಿದರು. ಪಂಪು ಲೊಚಗುಟ್ಟಿತು.

ಮೊಮ್ಮಗಳು ವ್ಯಾನು ನಡೆಸಿದಳು. ತೂಗುಸೇತುವೆ ದಾಟಿದ ಮೇಲೆ ಚಿಕ್ಕ ಕಾರು ಕನ್ನಡಿಯಲ್ಲಿ ಕಾಣದಾಯಿತು. ಹೊಸಕೋಟೆಯ ಬಳಿ ಅವಳು ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ, ದೀಪ ಮಿನುಗಿಸುತ್ತ ಇಪ್ಪತ್ತು ನಿಮಿಷ ಕಾದಳು. ಮೈನರ್ ಬಂದು ಪಕ್ಕದಲ್ಲಿ ನಿಂತಿತು. ರೇಡಿಯೇಟರಿಗೆ ನೀರು ಬೇಕಾಗಿತ್ತು. ಮಕ್ಕಳೆಲ್ಲ ಇಳಿದು ಸುತ್ತುವರಿದರು. ಅಜ್ಜಿ ಕಿಟಕಿಯ ಗಾಜನ್ನು ಇಳಿಸಿ, ಸೊಸೆಯನ್ನು ಹತ್ತಿರ ಕರೆದು ಹೇಳಿದರು:

“ಗಟ್ಟಿಯಾಗೇ ಇದೆ ಕಣಮ್ಮ.”